ದೇಶದ ಸಿರಿಯನ್ನು ಅಳೆದ ರಾಯರು

ನಮ್ಮ ದೆಹಲಿ ನಗರದ ಉತ್ತರ ಭಾಗದಲ್ಲಿ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣವಿದೆ. ಮೆಟ್ರೋ ರೈಲಿನ ಹಳದಿ ಮಾರ್ಗದಲ್ಲಿ ವಿಶ್ವವಿದ್ಯಾಲಯ ನಿಲ್ದಾಣದಲ್ಲಿ ಇಳಿದು ಆ ಕಡೆಗೆ ನಡೆದರೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಎಂಬ ವಿದ್ಯಾಸಂಸ್ಥೆಯನ್ನು ಕಾಣಬಹುದು. ಅರ್ಥಶಾಸ್ತ್ರದ ಅಧ್ಯಯನಕ್ಕೆ ನಮ್ಮ ದೇಶದಲ್ಲೆಲ್ಲ ಹೆಸರಾದ ಈ ಸಂಸ್ಥೆಯನ್ನು 1949ರಲ್ಲಿ ಸ್ಥಾಪಿಸಿದವರು ಡಾ॥ ವಿ. ಕೆ. ಆರ್. ವಿ. ರಾಯರು. ಇವರನ್ನೇ ಮುಂದೆ ಬಳ್ಳಾರಿಯ ಮತದಾರರು ಎರಡು ಬಾರಿ ಲೋಕಸಭೆಗೆ ಆರಿಸಿ ಕಳುಹಿಸಿದರು. ಇವರೇ ಬೆಂಗಳೂರಿನಲ್ಲಿ ಮತ್ತೊಂದು ದೊಡ್ಡ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಹೀಗೆ ದೆಹಲಿಗೂ ಕನ್ನಡನಾಡಿಗೂ ಸಮಾನವಾಗಿ ಸಲ್ಲುವ ಈ ಮಹನೀಯರ ಜೀವನವನ್ನು ದೆಹಲಿಯಲ್ಲಿ ಓದುತ್ತಿರುವ ಕನ್ನಡದ ಮಕ್ಕಳಾದ ನಾವು ತಿಳಿದುಕೊಳ್ಳುವುದು ಉಚಿತವಾಗಿದೆ.

ರಾಯರ ಜೀವನವನ್ನು ಅರಿಯಬೇಕಾದರೆ ಅವರನ್ನು ಬಾಳಿನುದ್ದಕ್ಕೂ ಕಾಡಿದ ಪ್ರಶ್ನೆಯನ್ನು ಮೊದಲು ಅರಿಯಬೇಕು. ಒಂದು ದೇಶದ ಆರ್ಥಿಕ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆಯೆಂದು ಹೇಳುವುದು ಹೇಗೆ? ವ್ಯಾಪಾರವನ್ನೆಲ್ಲ ಜನರ ಇಚ್ಛೆಗೆ ಬಿಟ್ಟುಬಿಡುವುದು ಮೇಲೆಂದು ಕೆಲವರು ಹೇಳುತ್ತಾರೆ. ಕಾರ್ಖಾನೆ ಗಣಿಗಳೆಲ್ಲ ಸರ್ಕಾರದ ಕೈಯಲ್ಲಿರಬೇಕೆಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡನ್ನೂ ಬೆರೆಸಬೇಕೆನ್ನುವವರೂ ಉಂಟು. ಆದರೆ ಅಳತೆಗೋಲಿಲ್ಲದೆ ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ಹೇಳುವುದು ತಕ್ಕಡಿಯಿಲ್ಲದೆ ಧಾನ್ಯವನ್ನು ತೂಗಿದಂತೆಯೇ ಸರಿ.

ಈ ಅಳತೆಗೋಲನ್ನು ಹುಡುಕುವ ಕೆಲಸ ರಾಯರ ಕಾಲಕ್ಕಿಂತ ಬಹಳ ಹಿಂದೆಯೇ ಮೊದಲಾಗಿತ್ತು. ಸ್ಕಾಟ್ಲೆಂಡಿನ ಆಡಮ್ ಸ್ಮಿತ್ 1776ರಲ್ಲಿ ರಾಷ್ಟ್ರಗಳ ಸಂಪತ್ತನ್ನು ಕುರಿತು ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಆ ಕಾಲದ ಯೂರೋಪಿನ ಅರಸರೂ ವರ್ತಕರೂ ಬೊಕ್ಕಸದಲ್ಲಿರುವ ಚಿನ್ನ ಬೆಳ್ಳಿಗಳೇ ದೇಶದ ಸಂಪತ್ತೆಂದು ನಂಬಿದ್ದರು. ಭೂಮಿಯ ಬೆಳೆಯೊಂದೇ ನಿಜವಾದ ಸಂಪತ್ತೆಂದು ಫ್ರಾನ್ಸಿನ ಕೆಲವು ಪಂಡಿತರು ಹೇಳುತ್ತಿದ್ದರು. ಸ್ಮಿತ್ ಈ ಎರಡು ಪದ್ಧತಿಗಳನ್ನೂ ವಿವರವಾಗಿ ಪರೀಕ್ಷಿಸಿ ಎರಡರಲ್ಲಿಯೂ ಕೊರತೆಯನ್ನು ಕಂಡನು. ದೇಶದ ಜನರು ತಮ್ಮ ದುಡಿಮೆಯಿಂದ ವರ್ಷಕ್ಕೆ ಎಷ್ಟು ಪದಾರ್ಥಗಳನ್ನು ಪಡೆಯುತ್ತಾರೆ, ಅವುಗಳನ್ನು ಅನುಭವಿಸುವ ಜನ ಎಷ್ಟು, ಈ ಎರಡರ ಪ್ರಮಾಣವೇ ಅವನ ಅಳತೆಗೋಲಾಗಿತ್ತು. ಮನೆಯ ಪೆಟ್ಟಿಗೆಯಲ್ಲಿ ಒಡವೆ ತುಂಬಿದ್ದು ಕಣಜದಲ್ಲಿ ಕಾಳಿಲ್ಲದಿದ್ದರೆ ಆ ಮನೆಯನ್ನು ಸುಖದ ಮನೆಯೆಂದು ಯಾರೂ ಹೇಳುವುದಿಲ್ಲವಷ್ಟೆ! ಬಂಗಾಳದಲ್ಲಿ ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನೂ ಸ್ಮಿತ್ ಇದೇ ದೃಷ್ಟಿಯಿಂದ ಖಂಡಿಸಿದನು. ಅರಸನಾದವನಿಗೆ ಪ್ರಜೆಗಳ ಉತ್ಪನ್ನ ಹೆಚ್ಚಾಗುವುದು ಬೇಕು. ವರ್ತಕನಿಗೆ ಅಗ್ಗವಾಗಿ ಕೊಂಡು ದುಬಾರಿಯಾಗಿ ಮಾರುವುದು ಬೇಕು. ಇವೆರಡೂ ಒಂದೇ ಕೈಯಲ್ಲಿ ಸೇರಿದರೆ ಪ್ರಜೆಗಳಿಗೆ ಕೇಡಾಗುವುದೆಂಬುದು ಅವನ ತೀರ್ಮಾನವಾಗಿತ್ತು.

ಸ್ಮಿತ್‌ನ ತರುವಾಯ ಬಂದ ಡೇವಿಡ್ ರಿಕಾರ್ಡೊ 1817ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮತ್ತೊಂದು ಪ್ರಶ್ನೆಯನ್ನು ಎತ್ತಿದನು. ಉತ್ಪನ್ನ ಎಷ್ಟೆಂದು ತಿಳಿದರೆ ಸಾಲದು. ಭೂಮಾಲಿಕ, ಬಂಡವಾಳಗಾರ, ಕೂಲಿಕಾರ ಈ ಮೂವರಲ್ಲಿ ಅದು ಹೇಗೆ ಹಂಚಿಹೋಗುತ್ತದೆಂಬುದನ್ನೂ ನೋಡಬೇಕು. ಜಾನ್ ಸ್ಟೂವರ್ಟ್ ಮಿಲ್ 1848ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಖಾಸಗಿ ಆಸ್ತಿಯ ವ್ಯವಸ್ಥೆಯನ್ನೂ ಸಮಷ್ಟಿ ಒಡೆತನದ ವ್ಯವಸ್ಥೆಯನ್ನೂ ಹೋಲಿಸಿದನು. ಒಂದರ ಉತ್ತಮ ಕಲ್ಪನೆಯನ್ನು ಮತ್ತೊಂದರ ಹಾಳಾದ ಆಚರಣೆಯೊಡನೆ ಹೋಲಿಸುವುದು ನ್ಯಾಯವಲ್ಲವೆಂದೂ, ಎರಡನ್ನೂ ಅವುಗಳ ಉತ್ತಮ ರೂಪದಲ್ಲಿಯೇ ತೂಗಬೇಕೆಂದೂ ಅವನು ತಿಳಿಸಿದನು. ಇವರನ್ನೆಲ್ಲ ಸಂಪ್ರದಾಯ ಪಂಥದ ಅರ್ಥಶಾಸ್ತ್ರಜ್ಞರೆಂದು ಕರೆಯುವುದು ವಾಡಿಕೆ. ಇವರು ಅಳತೆಗೋಲನ್ನೇನೋ ಕೊಟ್ಟರು. ಆದರೆ ಅದರಿಂದ ಭಾರತವನ್ನು ಸರಿಯಾಗಿ ಅಳೆದು ನೋಡುವ ಕೆಲಸ ಬಹುಕಾಲ ಉಳಿದುಕೊಂಡಿತ್ತು. ಆ ಕೆಲಸವನ್ನು ಕೈಗೊಂಡವರಲ್ಲಿ ರಾಯರು ಪ್ರಮುಖರು.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾಯರು 1908ನೆಯ ಇಸವಿ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಬೊಂಬಾಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿ ಪದವಿಯನ್ನು ಪಡೆದು, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಎಂ. ಎ. ಮುಗಿಸಿದರು. ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿದರು. ಜಗತ್ತಿನ ಅರ್ಥಶಾಸ್ತ್ರಜ್ಞರಲ್ಲಿ ಆಗ ಅಗ್ರಗಣ್ಯರಾಗಿದ್ದ ಜಾನ್ ಮೇನಾರ್ಡ್ ಕೇನ್ಸ್ ಅಲ್ಲಿದ್ದರು. ದೇಶದ ವರಮಾನವನ್ನು ಲೆಕ್ಕಹಾಕುವುದರಲ್ಲಿ ನಿಷ್ಣಾತರಾಗಿದ್ದ ಕಾಲಿನ್ ಕ್ಲಾರ್ಕ್ ಕೂಡ ಅಲ್ಲಿಯೇ ಇದ್ದರು. ಇಂತಹ ಗುರುಗಳ ಸಾನ್ನಿಧ್ಯದಲ್ಲಿ ರಾಯರು ಭಾರತದ ರಾಷ್ಟ್ರೀಯ ವರಮಾನವನ್ನೇ ತಮ್ಮ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡು 1937ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಈ ವಿಷಯವನ್ನು ಅವರಿಗಿಂತ ಮೊದಲು ಯಾರೂ ಮುಟ್ಟಿರಲಿಲ್ಲವೆಂದಲ್ಲ. ಪೂಜ್ಯರಾದ ದಾದಾಭಾಯಿ ನವರೋಜಿಯವರು 1867-68ರ ಸುಮಾರಿನಲ್ಲಿ ಭಾರತೀಯನೊಬ್ಬನ ವರ್ಷದ ವರಮಾನ 20 ರೂಪಾಯಿಯೆಂದು ಅಂದಾಜು ಮಾಡಿದ್ದರು. ಸೆರೆಮನೆಯ ಕೈದಿಯೊಬ್ಬನ ಊಟ ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ವೆಚ್ಚದಷ್ಟೂ ಅದು ಆಗುತ್ತಿರಲಿಲ್ಲವೆಂಬುದನ್ನು ತೋರಿಸಿ ಅವರು ಜಗತ್ತಿನ ಕಣ್ಣು ತೆರೆಸಿದ್ದರು. ಆದರೆ ಆಳುವವರು ಒಂದು ಲೆಕ್ಕ, ದೇಶಭಕ್ತರು ಮತ್ತೊಂದು ಲೆಕ್ಕ ಹೇಳುತ್ತಿದ್ದ ಕಾಲವದು. ಯಾರೂ ಅಲ್ಲಗಳೆಯಲಾಗದಂತಹ ಲೆಕ್ಕ ಬೇಕಾಗಿತ್ತು.

ರಾಯರು ಹಿಡಿದ ಮಾರ್ಗ ಹೀಗಿತ್ತು. ಬೇಸಾಯದಂತಹ ಕಸುಬುಗಳಲ್ಲಿ ಪದಾರ್ಥವು ಕಣ್ಣಿಗೆ ಕಾಣುತ್ತದೆ. ಆದುದರಿಂದ ಎಷ್ಟು ಎಕರೆಯಲ್ಲಿ ಯಾವ ಬೆಳೆ, ಎಕರೆಗೆ ಎಷ್ಟು ಇಳುವರಿ, ಬೆಲೆಯೆಷ್ಟು ಎಂದು ನೋಡಿ ಅದರ ಮೌಲ್ಯವನ್ನು ಕಟ್ಟಬಹುದು. ಕ್ಷೌರಿಕ, ಗಾಡಿ ಹೊಡೆಯುವವನು, ಉಪಾಧ್ಯಾಯ, ಗುಮಾಸ್ತ ಮೊದಲಾದವರ ಕೆಲಸವನ್ನು ಹೀಗೆ ಸೇರಿನಿಂದ ಅಳೆಯುವಂತಿಲ್ಲ. ಅಂತಹ ಕಡೆ 1931ರ ಜನಗಣತಿಯಿಂದ ಕೆಲಸಗಾರರ ಸಂಖ್ಯೆಯನ್ನು ತಿಳಿದು, ಅವರ ಸಂಪಾದನೆಯನ್ನು ವಿಚಾರಿಸಿ ಲೆಕ್ಕ ಹಾಕಿದರು. ಹೀಗೆ ಉತ್ಪನ್ನದ ಗಣನೆಯನ್ನೂ ವರಮಾನದ ಗಣನೆಯನ್ನೂ ಜೋಡಿಸಿದುದೇ ಅವರ ವಿಶೇಷ. ಈ ಸಂಶೋಧನೆಯು 1940ರಲ್ಲಿ ಗ್ರಂಥವಾಗಿ ಹೊರಬಂದಿತು.

ಫಲವೇನು? 1931-32ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಜೆಯೊಬ್ಬನ ಸರಾಸರಿ ವಾರ್ಷಿಕ ವರಮಾನ 62 ರೂಪಾಯಿ! ಆಗ ರೂಪಾಯಿಗೆ 16 ಆಣೆ. ನಾವು ಭಾಗಾಕಾರ ಮಾಡಿ ನೋಡಿದರೆ ದಿನಕ್ಕೆ ಮೂರಾಣೆಗೂ ಕಡಿಮೆಯಾಗುತ್ತದೆ. ಊಟ, ಬಟ್ಟೆ, ಮನೆ, ಔಷಧ, ಮಕ್ಕಳ ವಿದ್ಯೆ ಎಲ್ಲವೂ ಅಷ್ಟರಲ್ಲಿಯೇ ನಡೆಯಬೇಕಾಗಿತ್ತು. ಅಂದಿನ ಬೆಲೆಗಳು ಕಡಿಮೆಯಾಗಿದ್ದುವೆಂಬುದನ್ನು ಗಮನಿಸಿದರೂ ಇದು ಕಡುಬಡತನವೆಂಬುದರಲ್ಲಿ ಸಂದೇಹವಿಲ್ಲ. ಪರಕೀಯರ ಆಳ್ವಿಕೆಯಿಂದ ದೇಶ ಏಳಿಗೆ ಹೊಂದುತ್ತಿದೆಯೆಂಬ ಮಾತಿಗೆ ಈ ಒಂದು ಅಂಕಿಯೇ ಸಾಕಾದಷ್ಟು ಉತ್ತರವಾಯಿತು. ಭಾಷಣದಿಂದ ಆಗದ ಕಾರ್ಯವನ್ನು ಕೆಲವೊಮ್ಮೆ ಪ್ರಾಮಾಣಿಕವಾದ ಕೂಡುವಿಕೆಯೂ ಭಾಗಾಕಾರವೂ ಮಾಡಬಲ್ಲವು.

ಆದರೆ ಸರಾಸರಿಯೆಂಬುದು ಮೋಸಗೊಳಿಸುವ ಗುಣವುಳ್ಳದ್ದು. ಬೀದಿಯಲ್ಲಿ ಎರಡು ಮನೆಗಳಿದ್ದು, ಒಂದರಲ್ಲಿ ನಾಲ್ಕು ಸೇರು ಅಕ್ಕಿಯೂ ಇನ್ನೊಂದರಲ್ಲಿ ಬರಿಯ ಮಡಕೆಯೂ ಇದ್ದರೆ ಸರಾಸರಿಗೆ ಮನೆಗೆ ಎರಡು ಸೇರೆಂದು ಲೆಕ್ಕ ಬರುತ್ತದೆ. ಲೆಕ್ಕ ತಪ್ಪಲ್ಲ, ಆದರೂ ಎರಡನೆಯ ಮನೆಯ ಮಕ್ಕಳು ಉಪವಾಸ. ರಿಕಾರ್ಡೊ ಎತ್ತಿದ್ದ ಪ್ರಶ್ನೆ ಇಲ್ಲಿ ನಮ್ಮ ಎದುರಿಗೆ ನಿಲ್ಲುತ್ತದೆ. ಈ ಪ್ರಶ್ನೆಯ ಘೋರರೂಪವನ್ನು ದೇಶವು 1943ರಲ್ಲಿ ಕಂಡಿತು. ಬಂಗಾಳದ ಆ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರು. ಸತ್ತವರ ಸಂಖ್ಯೆ 30 ಲಕ್ಷದವರೆಗೂ ಹೋಯಿತೆಂಬ ಅಂದಾಜುಗಳಿವೆ. ಅಹಮದಾಬಾದಿನ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದ ರಾಯರು 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದಿದ್ದರು. ಯುದ್ಧದ ಕಡೆಯ ವರ್ಷಗಳಲ್ಲಿ ಅವರು ಕೇಂದ್ರ ಸರ್ಕಾರದ ಆಹಾರ ಇಲಾಖೆಯಲ್ಲಿ ಅಂಕಿ-ಅಂಶಗಳ ನಿರ್ದೇಶಕರಾಗಿ ಕೆಲಸ ಮಾಡಿದರು. ಯುದ್ಧಾನಂತರ ವಾಷಿಂಗ್ಟನ್ ನಗರದಲ್ಲಿ ಭಾರತದ ಆಹಾರ ಸಲಹೆಗಾರರಾಗಿದ್ದರು. ಕಾಗದದ ಮೇಲಿನ ಅಂಕಿಯು ಯಾರದೋ ತಟ್ಟೆಯ ಅನ್ನವೆಂಬುದನ್ನು ಇಂತಹ ಹುದ್ದೆಗಳಲ್ಲಿದ್ದವರು ಮರೆಯುವಂತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ದೇಶದ ಲೆಕ್ಕವನ್ನು ದೇಶದವರೇ ಇಡಬೇಕಾಯಿತು. 1949ರಲ್ಲಿ ಸರ್ಕಾರವು ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿತು. ಪ್ರೊ॥ ಪಿ. ಸಿ. ಮಹಲನೋಬಿಸರು ಅಧ್ಯಕ್ಷರು, ಪ್ರೊ॥ ಡಿ. ಆರ್. ಗಾಡಗೀಳರೂ ನಮ್ಮ ರಾಯರೂ ಸದಸ್ಯರು. 1954ರ ಅಂತಿಮ ವರದಿಯಂತೆ 1948-49ರಲ್ಲಿ ತಲಾ ವರಮಾನ ಸುಮಾರು 247 ರೂಪಾಯಿ. 62ರಿಂದ 247ಕ್ಕೆ ಏರಿತೆಂದು ನಾವು ಹಿಗ್ಗುವಂತಿಲ್ಲ. ನಡುವೆ ಯುದ್ಧವು ಬಂದು ಪದಾರ್ಥಗಳ ಬೆಲೆ ವಿಪರೀತವಾಗಿ ಏರಿತ್ತು. ಲೆಕ್ಕಕ್ಕೆ ಸೇರಿದ ಪ್ರದೇಶವೂ ಬೇರೆಯಾಗಿತ್ತು. ಬೆಲೆಯ ಏರಿಕೆಯನ್ನು ಕಳೆಯದೆ ಎರಡು ಕಾಲಗಳ ವರಮಾನವನ್ನು ಹೋಲಿಸಬಾರದೆಂಬ ಪಾಠವನ್ನು ನಾವು ಇಲ್ಲಿ ಕಲಿಯಬೇಕು.

ಅದೇ 1949ರಲ್ಲಿ ರಾಯರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು ಆರಂಭಿಸಿ ಅದರ ಮೊದಲ ನಿರ್ದೇಶಕರಾದರು. ಭಾರತದ ಸಮಸ್ಯೆಗಳನ್ನು ಪರದೇಶದ ಪುಸ್ತಕಗಳಿಂದ ಮಾತ್ರವೇ ಬಿಡಿಸಲಾಗದು, ಇಲ್ಲಿಯೇ ವಿಚಾರ ಮಾಡುವ ಪಂಡಿತರ ಸಮುದಾಯ ಬೆಳೆಯಬೇಕು ಎಂಬುದು ಅವರ ಆಶಯವಾಗಿತ್ತು. ಆ ಆಶಯವನ್ನು ಅವರು ತಮ್ಮ ಬರವಣಿಗೆಯಲ್ಲಿಯೇ ನಡೆಸಿ ತೋರಿಸಿದ ಸಂದರ್ಭವೊಂದು ಸ್ಮರಣೀಯವಾಗಿದೆ.

ಅವರ ಗುರುಗಳಾದ ಕೇನ್ಸರು ಸಂಪ್ರದಾಯ ಪಂಥದ ಮತವನ್ನು ಬಲವಾಗಿ ಟೀಕಿಸಿದ್ದರು. ಕೆಲಸವಿಲ್ಲದೆ ಜನ ಕುಳಿತಿರುವಾಗ ಸರ್ಕಾರವು ಧೈರ್ಯವಾಗಿ ಹಣವನ್ನು ವೆಚ್ಚಮಾಡಬೇಕೆಂಬುದು ಕೇನ್ಸರ ಸಲಹೆ. ರಸ್ತೆ ಕಟ್ಟಿದ ಕೂಲಿಯವನು ತನ್ನ ಹಣದಿಂದ ಚಪ್ಪಲಿಯನ್ನು ಕೊಳ್ಳುತ್ತಾನೆ. ಚಪ್ಪಲಿ ಮಾಡುವವನು ಬಟ್ಟೆಯನ್ನು ಕೊಳ್ಳುತ್ತಾನೆ. ಹೀಗೆ ಒಂದು ರೂಪಾಯಿಯ ವೆಚ್ಚವು ಕೈಯಿಂದ ಕೈಗೆ ಹೋಗಿ ಹಲವು ರೂಪಾಯಿಗಳ ವರಮಾನವನ್ನು ಹುಟ್ಟಿಸುತ್ತದೆ. ಇದಕ್ಕೆ ಗುಣಕ ಸಿದ್ಧಾಂತವೆಂದು ಹೆಸರು. ಈ ಮದ್ದು ಭಾರತಕ್ಕೂ ನಾಟುವುದೇ? 1952ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ರಾಯರು ಇದನ್ನು ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ನಿರುದ್ಯೋಗಿಯ ಪಕ್ಕದಲ್ಲಿ ಬೀಗ ಹಾಕಿದ ಕಾರ್ಖಾನೆ ಸಿದ್ಧವಾಗಿತ್ತು. ಕೊಳ್ಳುವವರು ಬಂದೊಡನೆ ಅದನ್ನು ತೆರೆಯಬಹುದಾಗಿತ್ತು. ನಮ್ಮ ಹಳ್ಳಿಯ ಸ್ಥಿತಿ ಬೇರೆ. ಮೂವರಿಗೆ ಸಾಲುವ ಹೊಲದಲ್ಲಿ ಐವರು ದುಡಿಯುತ್ತಾರೆ, ನಿರುದ್ಯೋಗವು ಮರೆಯಾಗಿರುತ್ತದೆ. ಸುಮ್ಮನೆ ನಿಂತಿರುವ ಯಂತ್ರಗಳಿಲ್ಲ. ಕೈಗೆ ಹೆಚ್ಚು ಹಣ ಬಂದ ಬಡವನು ಮೊದಲು ಕೊಳ್ಳುವುದು ಧಾನ್ಯವನ್ನು. ಧಾನ್ಯವಾದರೋ ಮಳೆ ಬಂದು ಬೆಳೆ ಕೈಸೇರುವವರೆಗೆ ಹೆಚ್ಚುವಂತಿಲ್ಲ. ಆದುದರಿಂದ ಹೆಚ್ಚುವುದು ಪದಾರ್ಥವಲ್ಲ, ಬೆಲೆ.

ಹೀಗೆ ವಿಚಾರ ಮಾಡಿದ ರಾಯರು, ಹೆಚ್ಚು ದುಡಿಯುವುದು, ಹೆಚ್ಚು ಉಳಿಸುವುದು, ಉಳಿದುದನ್ನು ಬಂಡವಾಳವಾಗಿಸುವುದು ಎಂಬ ಹಳೆಯ ಉಪದೇಶವೇ ಬಡದೇಶಕ್ಕೆ ಇನ್ನೂ ತಕ್ಕ ಮದ್ದೆಂದು ತೀರ್ಮಾನಿಸಿದರು. ಕೇನ್ಸರ ಶಿಷ್ಯನಾದವನು ಕೇನ್ಸರು ಟೀಕಿಸಿದ ಪಂಥದ ಕಡೆಗೆ ಈ ಮಟ್ಟಿಗೆ ತಿರುಗಿದುದು ಸಣ್ಣ ಮಾತಲ್ಲ. ಅವರು ಗುರುವನ್ನು ಅಲ್ಲಗಳೆಯಲಿಲ್ಲ. ಗುರುವಿನ ಸಿದ್ಧಾಂತ ಯಾವ ನೆಲದಲ್ಲಿ ನಿಂತಿದೆಯೆಂಬುದನ್ನು ತೋರಿಸಿದರು. ಹಾಗೆಂದು ವ್ಯಾಪಾರಕ್ಕೆ ಎಲ್ಲವನ್ನೂ ಬಿಟ್ಟುಬಿಡಬೇಕೆಂದೂ ಅವರು ಹೇಳಲಿಲ್ಲ. ಪ್ರಜಾಪ್ರಭುತ್ವದೊಡನೆ ಹೊಂದಿಕೊಂಡ ಸಮಾಜವಾದದಲ್ಲಿ ಅವರಿಗೆ ನಂಬಿಕೆಯಿತ್ತು. ಗಾಂಧೀಜಿಯವರ ವಿಚಾರಗಳನ್ನು ಅವರು ಆದರದಿಂದ ಪರಿಶೀಲಿಸಿದರು.

ತಮಗೆ ಪ್ರಿಯವಾದ ವ್ಯವಸ್ಥೆಯನ್ನೂ ಅವರು ಪರೀಕ್ಷೆಯಿಂದ ಬಿಡಲಿಲ್ಲ. ಸರ್ಕಾರದ ಉದ್ಯಮಗಳಿಗೆ ಲಾಭವೂ ಬೇಡ, ನಷ್ಟವೂ ಬೇಡವೆಂದು ಹಲವರು ಹೇಳುತ್ತಿದ್ದಾಗ, ರಾಯರು ಒಪ್ಪಲಿಲ್ಲ. ಸಾರ್ವಜನಿಕ ಉದ್ಯಮವು ಮಿಗತೆಯನ್ನು ಗಳಿಸದಿದ್ದರೆ ನಾಳೆಯ ಶಾಲೆಗೂ ಕಾಲುವೆಗೂ ಬಂಡವಾಳ ಎಲ್ಲಿಂದ ಬರಬೇಕು ಎಂಬುದು ಅವರ ವಾದವಾಗಿತ್ತು. 1982ರಲ್ಲಿ ಭಾರತದ ಸಮಾಜವಾದದ ಹಿನ್ನೋಟ ಮುನ್ನೋಟಗಳನ್ನು ಕುರಿತು ಗ್ರಂಥವನ್ನೇ ಬರೆದರು. ಮಿಲ್ ಹೇಳಿದ ನ್ಯಾಯದ ತೂಕವನ್ನು ತಮ್ಮ ಪಕ್ಷಕ್ಕೂ ಅನ್ವಯಿಸುವ ಈ ಗುಣ ಎಲ್ಲರಲ್ಲಿಯೂ ಕಾಣುವಂತಹುದಲ್ಲ.

ಅವರ ಉಳಿದ ಸೇವೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: ವಿಶ್ವಸಂಸ್ಥೆಯ ಆರ್ಥಿಕಾಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿ, ಬಡ ರಾಷ್ಟ್ರಗಳಿಗೆ ಸುಲಭ ಷರತ್ತುಗಳ ಸಾಲ ದೊರೆಯುವ ಏರ್ಪಾಡಾಗಬೇಕೆಂದು 1949ರಲ್ಲಿ ಸೂಚಿಸಿದರು. ಸಿರಿವಂತ ರಾಷ್ಟ್ರಗಳು ಆಗ ಒಪ್ಪಲಿಲ್ಲ. ಆದರೆ 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತಹುದೇ ಒಂದು ಸಂಸ್ಥೆ ಹುಟ್ಟಿಕೊಂಡಿತು. 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. 1958ರಲ್ಲಿ ಇದೇ ನಗರದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1963ರಿಂದ 1966ರವರೆಗೆ ಯೋಜನಾ ಆಯೋಗದ ಸದಸ್ಯರಾಗಿದ್ದರು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದು ಕೇಂದ್ರ ಮಂತ್ರಿಗಳಾದರು. ಶಿಕ್ಷಣ ಮಂತ್ರಿಗಳಾಗಿದ್ದಾಗ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ವಿದ್ಯಾವಂತನು ತನ್ನ ನೆರೆಹೊರೆಯ ಬಡತನವನ್ನು ಪುಸ್ತಕದಲ್ಲಿ ಮಾತ್ರವಲ್ಲದೆ ಕಣ್ಣಾರೆ ಕಾಣಲು ಈ ಯೋಜನೆ ದಾರಿ ಮಾಡಿತು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ನಾಗರಬಾವಿಯಲ್ಲಿರುವ ಆ ಸಂಸ್ಥೆ ಇಂದಿಗೂ ಕನ್ನಡನಾಡಿನ ಹೆಮ್ಮೆಯಾಗಿದೆ. 1974ರಲ್ಲಿ ಸರ್ಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ರಾಯರು ನೆಟ್ಟ ಮರ ಫಲ ಕೊಡದೆ ಉಳಿಯಲಿಲ್ಲ. 1963ರಿಂದ 1971ರವರೆಗೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ತ್ಯ ಸೇನರು, 1943ರ ಕ್ಷಾಮವನ್ನು ಪರಿಶೀಲಿಸಿ 1981ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಧಾನ್ಯದ ಕೊರತೆಗಿಂತಲೂ ಹೆಚ್ಚಾಗಿ, ಬೆಲೆ ಏರಿದಾಗ ಕೂಲಿಕಾರನಿಗೆ ಕೊಳ್ಳುವ ಶಕ್ತಿ ಇಲ್ಲದೆ ಹೋದುದೇ ಆ ಸಾವುಗಳಿಗೆ ಕಾರಣವೆಂದು ಅವರು ತೋರಿಸಿದರು. 1969ರಿಂದ 1971ರವರೆಗೆ ಅಲ್ಲಿಯೇ ಪಾಠ ಹೇಳಿದ ಮನಮೋಹನ ಸಿಂಗರು ಅರ್ಥಮಂತ್ರಿಗಳಾಗಿ 1991ರ ಜುಲೈ 24ರಂದು ಲೋಕಸಭೆಯಲ್ಲಿ ಆಯವ್ಯಯವನ್ನು ಮಂಡಿಸಿದರು. ಸರ್ಕಾರದ ಹಿಡಿತವನ್ನು ಸಡಿಲಿಸಿ ದೇಶದ ಆರ್ಥಿಕ ವ್ಯವಸ್ಥೆಯನ್ನು ಬೇರೆ ದಾರಿಗೆ ತಿರುಗಿಸಿದ ಆಯವ್ಯಯವದು. ಅದರ ಮರುದಿನವೇ, ಜುಲೈ 25ರಂದು, ರಾಯರು ತಮ್ಮ 83ನೆಯ ವಯಸ್ಸಿನಲ್ಲಿ ದಿವಂಗತರಾದರು.

ಆ ಹೊಸ ದಾರಿಯನ್ನು ಅವರು ಹೇಗೆ ತೂಗುತ್ತಿದ್ದರೋ ಯಾರು ಹೇಳಬಲ್ಲರು? ಆದರೆ ತೂಗುವ ಕ್ರಮವನ್ನು ಮಾತ್ರ ಅವರು ನಮಗೆ ಬಿಟ್ಟುಹೋಗಿದ್ದಾರೆ. ಯಾವ ವ್ಯವಸ್ಥೆಯಾದರೂ ಆಗಲಿ, ಅದರ ಹೆಸರನ್ನು ಕೇಳಿ ಮೆಚ್ಚಬಾರದು, ಹೆಸರನ್ನು ಕೇಳಿಯೇ ತೆಗಳಬಾರದು. ಜನರ ದುಡಿಮೆಯಿಂದ ತಲೆಗೆ ಎಷ್ಟು ಉತ್ಪನ್ನವಾಯಿತು? ಅದರಲ್ಲಿ ಬಡವನ ಮನೆಗೆ ಎಷ್ಟು ಸೇರಿತು? ನಾಳೆಗೆಂದು ಎಷ್ಟು ಉಳಿಯಿತು? ಈ ಮೂರು ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರವು ನಮಗೆ ಇಷ್ಟವಾಗದಿದ್ದರೂ ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ನಾವು ಕಲಿಯುವ ಸರಾಸರಿ, ಶೇಕಡಾವಾರು ಲೆಕ್ಕಗಳು ಬರಿಯ ಅಂಕಗಳಿಗಾಗಿ ಇರುವುವಲ್ಲ. ಅಂತಹ ಲೆಕ್ಕದಿಂದಲೇ ಒಬ್ಬ ವಿದ್ಯಾರ್ಥಿಯು ತನ್ನ ದೇಶದ ಬಡತನವನ್ನು ಜಗತ್ತಿನ ಮುಂದೆ ಸಾಧಿಸಿ ತೋರಿಸಿದನು. ವಿಶ್ವವಿದ್ಯಾನಿಲಯದ ಆ ಕಟ್ಟಡದ ಮುಂದೆ ಹಾದುಹೋಗುವಾಗ ನಾವು ಇದನ್ನು ನೆನೆಯೋಣ. ನಮ್ಮ ಪಾಲಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಲು ಕಲಿಯೋಣ.